ಜೋಡಿ ಹಾಡಿಗೊಂದು ಎರಡನೆಯ ಗಿಟಾರ್: ಹಳೆಯ ವಾದ್ಯವನ್ನು ಮೇಲುಸ್ಥಾಯಿಯ ಶ್ರುತಿಗೆ ಒಗ್ಗಿಸಿದ ಕೆಲಸದ ದಾಖಲೆ

ಇಬ್ಬರೇ ಸೇರಿ, ಎರಡು ಅಕೌಸ್ಟಿಕ್ ಗಿಟಾರುಗಳನ್ನು ಇಟ್ಟುಕೊಂಡು, ತಾವೇ ಕಟ್ಟಿದ ಜನಪದ ಧಾಟಿಯ ಹಾಡುಗಳನ್ನು ಹಾಡುವ ತಂಡಕ್ಕೆ ಮೂರನೆಯ ವಾದ್ಯವಿಲ್ಲ ಎಂಬ ಕೊರತೆ ಅಷ್ಟಾಗಿ ಕಾಡುವುದಿಲ್ಲ; ಇರುವ ಎರಡು ವಾದ್ಯಗಳೂ ಒಂದೇ ಜಾಗದಲ್ಲಿ ನಿಂತುಬಿಡುವುದೇ ಹೆಚ್ಚಿನ ತೊಡಕು. ಸಾಮಾನ್ಯ ಶ್ರುತಿಯಲ್ಲಿ ಗಿಟಾರಿನ ಬಿಡಿ ತಂತಿಗಳು, ಅಂದರೆ ಬೆರಳಿನಿಂದ ಒತ್ತದೆ ನುಡಿಸುವ ತಂತಿಗಳು, 82 ಹರ್ಟ್ಸಿನಿಂದ 330 ಹರ್ಟ್ಸಿನವರೆಗೆ ಹರಡಿಕೊಂಡಿರುತ್ತವೆ. ಇಬ್ಬರೂ ಅದೇ ಶ್ರುತಿಯಲ್ಲಿ ಅದೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ನುಡಿಸಿದಾಗ ನಾದ ಜೋರಾಗುತ್ತದೆಯೇ ಹೊರತು ವಿಶಾಲವಾಗುವುದಿಲ್ಲ. ಅದರ ಮೇಲೆ, ತಗ್ಗಿನ ದನಿಯಲ್ಲಿ ಹಾಡುವವರ ಮೂಲಸ್ವರಗಳು ಬಹುಪಾಲು 100ರಿಂದ 250 ಹರ್ಟ್ಸಿನ ನಡುವೆ ಇರುವುದರಿಂದ, ಎರಡು ಗಿಟಾರುಗಳ ದಪ್ಪ ತಂತಿಗಳು ಸೇರಿ ಆ ದನಿಯನ್ನೇ ಮುಚ್ಚಿಹಾಕುತ್ತವೆ. ನಮ್ಮ ತಂಡದಲ್ಲಿ ತಗ್ಗಿನ ದನಿ ನನ್ನದು, ಮೇಲಿನ ದನಿ ನನ್ನ ಜೊತೆಗಾರ್ತಿಯವರದು. ಚರಣಗಳಲ್ಲಿ ನಾನು ಹಾಡುವ ಸಾಲುಗಳು ಕೇಳಿಸುವುದಿಲ್ಲವೆಂಬುದನ್ನು ಮೊದಲು ಎತ್ತಿ ಹೇಳಿದವರೂ ಅವರೇ.

ಇದಕ್ಕೆ ಎಲ್ಲರೂ ಹೇಳುವ ಪರಿಹಾರ ಕ್ಯಾಪೋ, ಅಂದರೆ ಕತ್ತಿನ ಮೇಲೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಹಿಡಿಕೆ. ಮೊದಲ ಗಿಟಾರ್ ಜಿ ಕಾರ್ಡಿನ ಆಕಾರದಲ್ಲಿ ಕ್ಯಾಪೋ ಇಲ್ಲದೆ ನುಡಿಯುವಾಗ ಎರಡನೆಯದು ಐದನೆಯ ಫ್ರೆಟ್ಟಿಗೆ (ಕತ್ತಿನ ಮೇಲಿನ ಲೋಹದ ಅಡ್ಡಗೆರೆಗೆ) ಕ್ಯಾಪೋ ಹಾಕಿ ಡಿ ಆಕಾರದಲ್ಲಿ ನುಡಿಸಿದರೆ ಕಾರ್ಡು ಒಂದೇ, ಜಾಗ ಬೇರೆ. ಆದರೆ ಆಗಲೂ ದಪ್ಪ ತಂತಿಗಳು ದಪ್ಪವಾಗಿಯೇ ಇರುತ್ತವೆ. ಅವುಗಳ ಗುಂಯ್ ಎನ್ನುವ ಭಾರ ಸ್ವಲ್ಪ ಮೇಲಕ್ಕೆ ಸರಿಯುತ್ತದೆ, ಅಷ್ಟೆ. ನಮಗೆ ಬೇಕಿದ್ದದ್ದು ಕೆಳಸ್ಥಾಯಿಯೇ ಇಲ್ಲದ ಗಿಟಾರ್. ಅಂಥದ್ದೊಂದು ಶ್ರುತಿ ಬಹಳ ಹಿಂದಿನಿಂದ ಬಳಕೆಯಲ್ಲಿದೆ, ಅಮೆರಿಕದ ನ್ಯಾಶ್‌ವಿಲ್‌ನ ಧ್ವನಿಮುದ್ರಣ ಕೊಠಡಿಗಳಿಂದಾಗಿ ಅದಕ್ಕೆ ಆ ನಗರದ ಹೆಸರೇ ಅಂಟಿಕೊಂಡಿದೆ. ಅದರಲ್ಲಿ ತೆಳು ಇ ಮತ್ತು ಬಿ ತಂತಿಗಳು ತಮ್ಮ ಸ್ಥಾಯಿಯಲ್ಲೇ ಉಳಿಯುತ್ತವೆ; ಜಿ, ಡಿ, ಎ ಮತ್ತು ದಪ್ಪ ಇ ತಂತಿಗಳ ಜಾಗದಲ್ಲಿ ಒಂದು ಸ್ಥಾಯಿ ಮೇಲಕ್ಕೆ ನುಡಿಯುವ ತೆಳು ತಂತಿಗಳು ಬರುತ್ತವೆ. ಹನ್ನೆರಡು ತಂತಿಯ ಗಿಟಾರಿನ ಪ್ರತಿ ಜೋಡಿಯಿಂದ ತೆಳುವಾದ ತಂತಿಯನ್ನಷ್ಟೇ ಆರಿಸಿಕೊಂಡರೆ ಸಿಗುವುದೂ ಇದೇ. ಇಂಚಿನ ಸಾವಿರದ ಭಾಗಗಳಲ್ಲಿ ಹೇಳುವುದಾದರೆ ಒಂದನೆಯ ತಂತಿಯಿಂದ (ತೆಳು ಇ) ಆರನೆಯದರವರೆಗೆ (ದಪ್ಪ ಇ ಜಾಗದ್ದು) 10, 14, 9, 12, 18, 27 ದಪ್ಪದ ತಂತಿಗಳು. ಇಲ್ಲಿ ಮೂರನೆಯ ತಂತಿ ಒಂದನೆಯದಕ್ಕಿಂತ ತೆಳುವಾಗಿದೆ ಎಂಬುದನ್ನು ಓದುಗರು ಗಮನದಲ್ಲಿಡಬೇಕು. ಮುಂದಿನ ಅರ್ಧ ಕೆಲಸ ಅದೊಂದರಿಂದಲೇ ಹುಟ್ಟಿದ್ದು.

ಈ ಶ್ರುತಿಗೆ ನಾವು ಆರಿಸಿಕೊಂಡದ್ದು ಬ್ರಿಡ್ಜ್ (ಮೇಲುಹಲಗೆಗೆ ಅಂಟಿಸಿದ, ತಂತಿಗಳನ್ನು ಹಿಡಿದಿಡುವ ಮರದ ತುಂಡು) ಮೇಲೆದ್ದು ಪೆಟ್ಟಿಗೆಯಲ್ಲಿ ಬಿದ್ದಿದ್ದ ಹಳೆಯ ಗಿಟಾರನ್ನು. ಅದರ ತಂತಿಯ ಉದ್ದ 648 ಮಿ.ಮೀ. ಆ ಉದ್ದಕ್ಕೆ 12ರಿಂದ 53ರವರೆಗಿನ ಸಾಮಾನ್ಯ ತಂತಿಗಳನ್ನು ಕಟ್ಟಿದರೆ ಮೇಲುಹಲಗೆಯ ಮೇಲೆ ಬೀಳುವ ಒಟ್ಟು ಎಳೆತ ಸುಮಾರು 73 ಕಿಲೋ. ಮೇಲೆ ಹೇಳಿದ ತೆಳು ತಂತಿಗಳ ಎಳೆತವನ್ನು ಲೆಕ್ಕ ಹಾಕಿದರೆ ಸುಮಾರು 54 ಕಿಲೋ ಬರುತ್ತದೆ. ಕಾಲು ಭಾಗ ಹೊರೆ ಇಳಿಯುವುದೆಂದರೆ, ಒಮ್ಮೆ ಸೋತ ಮರಕ್ಕೆ ಅದು ಸಣ್ಣ ವಿಷಯವಲ್ಲ. ಗಟ್ಟಿಮುಟ್ಟಾದ ಒಳ್ಳೆಯ ಗಿಟಾರನ್ನು ಈ ಕೆಲಸಕ್ಕೆ ಮೀಸಲಿಡುವುದು, ನನ್ನ ಅಭಿಪ್ರಾಯದಲ್ಲಿ, ದುಂದು.

ಬ್ರಿಡ್ಜ್ ಮತ್ತು ಒಳಭಾಗ

ಬ್ರಿಡ್ಜ್‌ನ ಹಿಂಬದಿಯ ಅಂಚಿನಡಿ ತೆಳು ಕಾಗದವೊಂದನ್ನು ತೂರಿಸಿದಾಗ ಅದು ತಂತಿಗಳನ್ನು ಸಿಕ್ಕಿಸುವ ಪಿನ್ನುಗಳ ಸಾಲಿನವರೆಗೂ ತಡೆಯಿಲ್ಲದೆ ಒಳಗೆ ಹೋಯಿತು. ಅಷ್ಟು ಬಿಟ್ಟಿರುವ ಬ್ರಿಡ್ಜ್‌ನ ಸಂದಿಗೆ ಅಂಟು ತುಂಬಿ ಒತ್ತುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಹಳೆಯ ಅಂಟಿನ ಪದರದ ಮೇಲೆ ಹೊಸ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಪೂರ್ತಿ ಬಿಡಿಸಿಯೇ ಮತ್ತೆ ಕೂರಿಸಬೇಕು. ಮೊದಲು ಬ್ರಿಡ್ಜ್‌ನ ಸುತ್ತ ಚೂಪಾದ ಅಲಗಿನಿಂದ ಮೆರುಗಿನ ಪದರವನ್ನು ಕೊರೆದೆ. ಇಲ್ಲವಾದರೆ ಬ್ರಿಡ್ಜ್ ಏಳುವಾಗ ಮೆರುಗೂ ಚಕ್ಕೆಯಾಗಿ ಕಿತ್ತು ಬರುತ್ತದೆ. ಸುತ್ತಲಿನ ಹಲಗೆಗೆ ರಟ್ಟು ಮತ್ತು ಅಲ್ಯೂಮಿನಿಯಂ ಹಾಳೆ ಹೊದಿಸಿ, ಬ್ರಿಡ್ಜ್‌ಗೆ ಮಾತ್ರ ಬಿಸಿ ತಾಗಿಸುತ್ತ, ಕಾಯಿಸಿದ ತೆಳು ಅಲಗನ್ನು ಹಿಂಬದಿಯಿಂದ ನಿಧಾನವಾಗಿ ಸರಿಸಿದೆ. ಮೇಲುಹಲಗೆಯ ಸ್ಪ್ರೂಸ್ ಮರದ ಎಳೆಗಳು ಸ್ವಲ್ಪ ಕೆಳಮುಖವಾಗಿ ಓಡುತ್ತಿದ್ದರೂ ಅಲಗು ಅವುಗಳೊಳಗೆ ಇಳಿದುಬಿಡುತ್ತದೆ. ಆದ್ದರಿಂದ ಎಳೆ ಎದ್ದಂತೆ ಕಂಡ ಕಡೆ ಅಲಗನ್ನು ಹೊರತೆಗೆದು ಎದುರು ದಿಕ್ಕಿನಿಂದ ಒಳಸೇರಿಸುವುದು ವಾಡಿಕೆ. ಈ ಹಂತದಲ್ಲಿ ಅವಸರಕ್ಕೆ ಎಡೆಯೇ ಇಲ್ಲ.

ಬ್ರಿಡ್ಜ್ ಕೈಗೆ ಬಂದ ಮೇಲೆ ಕನ್ನಡಿ ಮತ್ತು ಸಣ್ಣ ದೀಪವನ್ನು ಸೌಂಡ್ ಹೋಲಿನೊಳಗೆ ಇಳಿಸಿ ನೋಡಿದರೆ, ಬ್ರಿಡ್ಜ್ ಪ್ಲೇಟಿನ (ಬ್ರಿಡ್ಜಿನ ನೇರ ಕೆಳಗೆ ಹಲಗೆಯ ಒಳಬದಿಗಿರುವ ಮರದ ಪಟ್ಟಿಯ) ರಂಧ್ರಗಳ ಅಂಚುಗಳನ್ನು ತಂತಿಗಳ ತುದಿಯ ಗುಂಡುಗಳು ಕೊರೆದು ಹಾಕಿದ್ದವು. ಹಲಗೆಯನ್ನು ಒಳಗಿನಿಂದ ಬಲಪಡಿಸುವ ಮರದ ಪಟ್ಟಿಗಳಲ್ಲಿ ಒಂದರ, ಅಂದರೆ ಒಂದು ಬ್ರೇಸಿನ ತುದಿಯೂ ಹಲಗೆಯಿಂದ ಬಿಟ್ಟಿತ್ತು. ಮೇಲಿನಿಂದ ಬೆರಳಿನಲ್ಲಿ ತಟ್ಟಿದಾಗ ಅಲ್ಲಿ ಮಾತ್ರ ಒಡಕು ಸದ್ದು ಬರುತ್ತಿದ್ದದ್ದು ಅದರಿಂದಲೇ. ಬ್ರೇಸಿನ ಸಂದಿಗೆ ಸಿರಿಂಜಿನಿಂದ ಅಂಟು ಹಾಯಿಸಿ ಒಳಗಿನಿಂದ ಸಣ್ಣ ಜಾಕ್ ಕೊಟ್ಟು ಒತ್ತಿ ನಿಲ್ಲಿಸಿದೆ. ಪ್ಲೇಟಿನ ಸವೆದ ಭಾಗಕ್ಕೆ ಮೇಪಲ್ ಮರದ ತೆಳು ಪಟ್ಟಿಯೊಂದನ್ನು ಅಂಟಿಸಿ ರಂಧ್ರಗಳನ್ನು ಹೊಸದಾಗಿ ಕೊರೆದೆ.

ಬ್ರಿಡ್ಜ್ ಬೆಂಚಿನ ಮೇಲಿರುವಾಗಲೇ ಮಾಡಿಕೊಳ್ಳಬೇಕಾದ ಇನ್ನೊಂದು ಕೆಲಸವಿತ್ತು. ಅದರಲ್ಲಿ ಸ್ಯಾಡಲ್ (ತಂತಿಗಳು ಹಾಯುವ ಮೂಳೆಯ ಪಟ್ಟಿ) ಕೂರುವ ತೋಡು 2.4 ಮಿ.ಮೀ. ಅಗಲವಿತ್ತು. ಅದನ್ನು ಸೌಂಡ್ ಹೋಲಿನ ಕಡೆಗೆ ಮಾತ್ರ ಹಿಗ್ಗಿಸಿ 3.2 ಮಿ.ಮೀ. ಮಾಡಿದೆ. ಅದರ ಕಾರಣ ಸ್ಯಾಡಲ್ ಕೆತ್ತುವಾಗ ತಿಳಿಯುತ್ತದೆ. ಗಿಟಾರಿಗೆ ಕೂರಿಸಿದ ಮೇಲೆ ಈ ಕೊರೆತವನ್ನು ನೇರವಾಗಿ ಮಾಡುವುದು ಬಹಳ ಕಷ್ಟ.

ಅಂಟಿನ ವಿಷಯದಲ್ಲಿ ಎರಡು ಪಂಗಡಗಳಿವೆ. ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಿಸಿಯಾಗಿಟ್ಟು ಬಳಸುವ ಚರ್ಮದ ಅಂಟು ಗಾಜಿನಂತೆ ಗಟ್ಟಿಯಾಗುತ್ತದೆ, ಮುಂದೊಂದು ದಿನ ಬಿಡಿಸಬೇಕಾದಾಗ ಬಿಸಿ ಮತ್ತು ತೇವಕ್ಕೆ ಒಪ್ಪಿಕೊಳ್ಳುತ್ತದೆ. ಆದರೆ ಅದು ತಣಿಯುವ ಮೊದಲು ಕ್ಲ್ಯಾಂಪುಗಳನ್ನು ಬಿಗಿಯಲು ಸಿಗುವ ಸಮಯ ತೀರ ಕಡಿಮೆ. ಮರಗೆಲಸದ ಹಳದಿ ಅಂಟು ಅಷ್ಟು ಅವಸರಪಡಿಸುವುದಿಲ್ಲ. ಒಬ್ಬರೇ ಕೆಲಸ ಮಾಡುವವರಾದರೆ ಹಳದಿ ಅಂಟೇ ವಾಸಿಯೆಂದು ನಾನು ಹೇಳುತ್ತೇನೆ. ಇಲ್ಲಿ ನಾವಿಬ್ಬರಿದ್ದೆವು, ಒಳಗಿನ ಒತ್ತುಕಟ್ಟಿಗೆಯನ್ನು ಹಿಡಿಯುವುದು ಅವರು, ಹೊರಗಿನ ಕ್ಲ್ಯಾಂಪುಗಳನ್ನು ಬಿಗಿಯುವುದು ನಾನು ಎಂದು ಒಣ ತಾಲೀಮು ಮಾಡಿಕೊಂಡು ಚರ್ಮದ ಅಂಟನ್ನೇ ಬಳಸಿದೆವು. ಹೊರಗೆ ಒಸರಿದ ಅಂಟನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿ, ಮರುದಿನದವರೆಗೆ ಮುಟ್ಟಲಿಲ್ಲ.

ನಟ್, ಸ್ಯಾಡಲ್ ಮತ್ತು ಕತ್ತಿನ ಬಾಗು

ತಂತಿಗಳನ್ನು ಬದಲಿಸಿದರೆ ಶ್ರುತಿ ಬದಲಾಗುತ್ತದೆ, ಉಳಿದದ್ದು ಹಾಗೆಯೇ ಇರುತ್ತದೆ ಎಂದುಕೊಳ್ಳುವವರು ಮೊದಲು ನಿರಾಶರಾಗುವುದು ನಟ್ಟಿನಲ್ಲಿ, ಅಂದರೆ ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಸೀಳುಗಳಿರುವ ಪಟ್ಟಿಯಲ್ಲಿ. ದಪ್ಪ ತಂತಿಗಾಗಿ ಕೊರೆದ ಸೀಳಿನಲ್ಲಿ ತೆಳು ತಂತಿ ಅತ್ತಿತ್ತ ಆಡಿ ಜಿರ್ ಎನ್ನುತ್ತದೆ; ಆಳವೂ ಅದಕ್ಕೆ ಹೊಂದುವುದಿಲ್ಲ. ಆದ್ದರಿಂದ ಮೂಳೆಯ ಹೊಸ ನಟ್ ಕೆತ್ತಿದೆ. ಸೀಳುಗಳ ನಡುವಿನ ಅಂತರವನ್ನು ತಂತಿಗಳ ಮಧ್ಯದಿಂದ ಅಳೆಯದೆ ಅಂಚಿನಿಂದ ಅಂಚಿಗೆ ಸಮನಾಗಿ ಹಂಚಿದರೆ ಬೆರಳುಗಳಿಗೆ ಹಿತ. ಆಳಕ್ಕೆ ಸುಲಭದ ಪರೀಕ್ಷೆಯೊಂದಿದೆ: ತಂತಿಯನ್ನು ಎರಡನೆಯ ಮತ್ತು ಮೂರನೆಯ ಫ್ರೆಟ್ಟುಗಳ ನಡುವೆ ಒತ್ತಿದಾಗ ಮೊದಲ ಫ್ರೆಟ್ಟಿನ ಮೇಲೆ ಕಂಡೂ ಕಾಣದಷ್ಟು ಸಂದಿ ಉಳಿದಿರಬೇಕು. ಸಂದಿಯೇ ಇಲ್ಲದಿದ್ದರೆ ಬಿಡಿ ತಂತಿ ಜಿರ್ ಎನ್ನುತ್ತದೆ, ಹೆಚ್ಚಿದ್ದರೆ ಮೊದಲ ಫ್ರೆಟ್ಟಿನ ಸ್ವರಗಳೆಲ್ಲ ಏರುತ್ತವೆ. ಸೀಳಿನ ತಳವನ್ನು ಬಿರಡೆಯ ಕಡೆಗೆ ಇಳಿಜಾರಾಗಿ ಅರದಿಂದ ಉಜ್ಜಿ, ತಂತಿ ಫ್ರೆಟ್‌ಬೋರ್ಡಿನ ಅಂಚಿನಲ್ಲೇ ನಟ್ಟನ್ನು ಬಿಡುವಂತೆ ನೋಡಿಕೊಂಡೆ.

ಮುಂದಿನದು ಕತ್ತು. ಎಳೆತ ಇಳಿದರೆ ಕತ್ತಿನ ಮುಂಬಾಗು ಕಡಿಮೆಯಾಗುತ್ತದೆ, ಕತ್ತಿನೊಳಗಿದ್ದು ಅದರ ಬಾಗನ್ನು ಹೊಂದಿಸುವ ಲೋಹದ ಸರಳು, ಟ್ರಸ್ ರಾಡ್, ಮಾತ್ರ ಹಳೆಯ ಬಿಗಿಯಲ್ಲೇ ಇರುತ್ತದೆ. ಹೀಗಾಗಿ ಹೊಸ ತಂತಿ ಕಟ್ಟಿದ ಕೂಡಲೇ ಕತ್ತು ಹಿಂದಕ್ಕೆ ಬಾಗಿ, ಮೊದಲ ಕೆಲವು ಫ್ರೆಟ್ಟುಗಳಲ್ಲಿ ಎಲ್ಲ ತಂತಿಗಳೂ ಕಿರುಗುಟ್ಟಿದವು. ರಾಡನ್ನು ಕಾಲು ಸುತ್ತಿನಷ್ಟೇ ಸಡಿಲಿಸಿ, ಕೆಲವು ಗಂಟೆ ಬಿಟ್ಟು, ಮತ್ತೆ ಅಳೆದು ಮುಂದುವರಿಯುವುದು ಸರಿಯಾದ ಕ್ರಮ. ಒಂದನೆಯ ಮತ್ತು ಹದಿನಾಲ್ಕನೆಯ ಫ್ರೆಟ್ಟುಗಳಲ್ಲಿ ತಂತಿಯನ್ನು ಒತ್ತಿಹಿಡಿದಾಗ ಏಳನೆಯ ಫ್ರೆಟ್ಟಿನ ಮೇಲೆ 0.15 ಮಿ.ಮೀ.ನಷ್ಟು ಸಂದಿ ಕಂಡಾಗ ನಿಲ್ಲಿಸಿದೆ. ಒಂದೇ ಕಡೆಗೆ ಕೆಲಸ ಮಾಡುವ ಹಳೆಯ ಬಗೆಯ ರಾಡ್ ಪೂರ್ತಿ ಸಡಿಲವಾದ ಮೇಲೂ ಕತ್ತು ಹಿಂದಕ್ಕೇ ಬಾಗಿದ್ದರೆ ಅಂಥ ಗಿಟಾರು ಈ ಶ್ರುತಿಗೆ ತಕ್ಕದ್ದಲ್ಲ. ಕೊಳ್ಳುವ ಮೊದಲೇ ನೋಡಿಕೊಳ್ಳಬೇಕಾದ ಸಂಗತಿ ಇದು.

ಸ್ಯಾಡಲ್‌ಗೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟೆ. ತಂತಿಯನ್ನು ಒತ್ತಿದಾಗ ಅದರ ಬಿಗಿ ಹೆಚ್ಚಿ ಸ್ವರ ತುಸು ಏರುತ್ತದೆ. ಅದನ್ನು ಸರಿದೂಗಿಸಲು ಸ್ಯಾಡಲನ್ನು ಲೆಕ್ಕಕ್ಕಿಂತ ಕೊಂಚ ಹಿಂದೆ ಇರಿಸಿರುತ್ತಾರೆ, ದಪ್ಪ ತಂತಿಗಳ ಕಡೆಗೆ ಇನ್ನಷ್ಟು ಹಿಂದೆ. ತೆಳು ತಂತಿಗಳಿಗೆ ಅಷ್ಟು ಪರಿಹಾರ ಬೇಕಿಲ್ಲ. ಹಳೆಯ ಸ್ಯಾಡಲ್ ಇಟ್ಟು ನೋಡಿದಾಗ ಮೂರನೆಯ ತಂತಿಯ ಹನ್ನೆರಡನೆಯ ಫ್ರೆಟ್ಟಿನ ಸ್ವರ, ಅಲ್ಲಿಯೇ ಹಗುರವಾಗಿ ಮುಟ್ಟಿ ಹೊರಡಿಸಿದ ಹಾರ್ಮೋನಿಕ್‌ಗಿಂತ ತಗ್ಗಿ ನುಡಿಯಿತು. ತಂತಿಯ ನುಡಿಯುವ ಉದ್ದ ಬೇಕಾದ್ದಕ್ಕಿಂತ ಹೆಚ್ಚಿದೆ ಎಂಬುದಕ್ಕೆ ಅದೇ ಗುರುತು. ತೋಡನ್ನು ಮುಂದಕ್ಕೆ ಹಿಗ್ಗಿಸಿದ್ದು ಇದಕ್ಕಾಗಿ. 3.2 ಮಿ.ಮೀ. ದಪ್ಪದ ಮೂಳೆಯ ಮೇಲ್ಮೈಯಲ್ಲಿ ಪ್ರತಿ ತಂತಿಗೂ ಅದರದೇ ತುದಿಗೆರೆಯನ್ನು (ತಂತಿಯ ನುಡಿಯುವ ಉದ್ದ ಮುಗಿಯುವ ಗೆರೆಯನ್ನು) ಅರದಿಂದ ಹಿಂದೆ ಮುಂದೆ ಸರಿಸುತ್ತ ಕೆತ್ತಿದೆ. ಮೂರನೆಯ ತಂತಿಯ ಗೆರೆ ಎಲ್ಲಕ್ಕಿಂತ ಮುಂದೆ ಬಂತು.

ಇಷ್ಟೊಂದು ಸೂಕ್ಷ್ಮ ಏಕೆಂದರೆ ಈ ಶ್ರುತಿಯಲ್ಲಿ ಕಾರ್ಡುಗಳೊಳಗೆ ಒಂದೇ ಸ್ವರ ಒಂದೇ ಸ್ಥಾಯಿಯಲ್ಲಿ ಎರಡು ತಂತಿಗಳಿಂದ ಬರುತ್ತದೆ. ಸಾಮಾನ್ಯ ಗಿಟಾರಿನ ಜಿ ಕಾರ್ಡ್ 98 ಹರ್ಟ್ಸಿನಿಂದ ಆರಂಭವಾಗಿ ಎರಡು ಸ್ಥಾಯಿಗಳಷ್ಟು ಹರಡುತ್ತದೆ. ಮೇಲುಸ್ಥಾಯಿಯ ಗಿಟಾರಿನಲ್ಲಿ ಅದೇ ಆಕಾರ 196ರಿಂದ 392 ಹರ್ಟ್ಸಿನೊಳಗೆ, ಒಂದೇ ಸ್ಥಾಯಿಯಲ್ಲಿ ಕೂರುತ್ತದೆ. ಅದರಲ್ಲಿ ಐದನೆಯ ತಂತಿಯ ಎರಡನೆಯ ಫ್ರೆಟ್ ಮತ್ತು ಬಿಡಿಯಾದ ಎರಡನೆಯ ತಂತಿ ಎರಡೂ 247 ಹರ್ಟ್ಸಿನಲ್ಲಿ ನುಡಿಯಬೇಕು. ಒಂದು 248 ಆದರೆ ಸೆಕೆಂಡಿಗೊಂದು ಅಲೆಯಂತೆ ನಾದ ಏರಿಳಿಯುವುದು ಕೇಳುಗರಿಗೂ ತಿಳಿಯುತ್ತದೆ. ಸಾಮಾನ್ಯ ಶ್ರುತಿಯಲ್ಲಿ ಮರೆಯಾಗಿ ಹೋಗುವ ಅಪಸ್ವರ ಇಲ್ಲಿ ಮರೆಯಾಗುವುದಿಲ್ಲ.

ತಂತಿಯ ಎತ್ತರ ಹನ್ನೆರಡನೆಯ ಫ್ರೆಟ್ಟಿನಲ್ಲಿ ಆರನೆಯ ತಂತಿಗೆ 2 ಮಿ.ಮೀ., ಒಂದನೆಯದಕ್ಕೆ 1.6 ಮಿ.ಮೀ. ಇಟ್ಟೆ. ದಪ್ಪ ತಂತಿಯ ಅಗಲವಾದ ಓಲಾಟ ಇಲ್ಲದ್ದರಿಂದ ಸಾಮಾನ್ಯವಾಗಿ ಬಿಡುವ 2.4 ಮಿ.ಮೀ. ಬೇಕಾಗಲಿಲ್ಲ. ಹನ್ನೆರಡನೆಯ ಫ್ರೆಟ್ಟಿನಲ್ಲಿ ಅರ್ಧ ಮಿ.ಮೀ. ಇಳಿಸಬೇಕಾದರೆ ಸ್ಯಾಡಲಿನ ತಳದಿಂದ ಒಂದು ಮಿ.ಮೀ. ಉಜ್ಜಬೇಕು. ಉಪ್ಪುಕಾಗದವನ್ನು ಗಾಜಿನ ಮೇಲೆ ಹರಡಿ ಉಜ್ಜಿದರೆ ತಳ ಚಪ್ಪಟೆಯಾಗಿಯೇ ಉಳಿಯುತ್ತದೆ.

ಪಿಕಪ್

ಗಿಟಾರಿನ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನವೇ ಪಿಕಪ್; ಸ್ಯಾಡಲಿನಡಿ ಕೂರಿಸುವ ಪಟ್ಟಿಯಂತಹದ್ದು ಬೇಡವೆಂದು ಮೊದಲೇ ನಿರ್ಧರಿಸಿದ್ದೆವು. ಪ್ರತಿ ತಂತಿಯೂ ಸ್ಯಾಡಲನ್ನು ಒತ್ತುವ ಬಲದ ಮೇಲೆ ಅದರ ಸಮತೋಲ ನಿಂತಿರುತ್ತದೆ, ಈ ತೆಳು ತಂತಿಗಳಲ್ಲಿ ಆ ಬಲ ಕಡಿಮೆ. ಅದರ ಬದಲು ಮೂರು ಪಿಯೆಜೋ ಬಿಲ್ಲೆಗಳನ್ನು (ಅದುರಿದಾಗ ವಿದ್ಯುತ್ ಹೊರಡಿಸುವ ಬಿಲ್ಲೆಗಳನ್ನು) ಬ್ರಿಡ್ಜ್ ಪ್ಲೇಟಿನ ಕೆಳಗೆ, ಸ್ಯಾಡಲಿನ ಗೆರೆಗೆ ನೇರವಾಗಿ, ಎರಡೆರಡು ತಂತಿಗಳ ನಡುವೆ ಒಂದರಂತೆ ಗಟ್ಟಿಯಾಗಿ ಅಂಟಿಸಿದೆ. ಇಲ್ಲಿ ಮೆತ್ತನೆಯ ಅಂಟುಪಟ್ಟಿ ಬಳಸಿದರೆ ಮೇಲಿನ ಕಂಪನಗಳನ್ನು ಅದೇ ನುಂಗಿಹಾಕುತ್ತದೆ. ಬಿಲ್ಲೆಗಳಿಂದ ಹೊರಟ ಕವಚದ ತಂತಿಯನ್ನು ತುದಿಯ ಮರದಲ್ಲಿ 12 ಮಿ.ಮೀ. ರಂಧ್ರ ಮಾಡಿ ಕೂರಿಸಿದ, ಕೇಬಲ್ ಚುಚ್ಚುವ ಜಾಕಿಗೆ ಬೆಸುಗೆ ಹಾಕಿದೆ. ರಂಧ್ರವನ್ನು ಒಮ್ಮೆಲೇ ದೊಡ್ಡ ಡ್ರಿಲ್ಲಿನಿಂದ ಕೊರೆಯದೆ ರೀಮರಿನಿಂದ ಹಂತ ಹಂತವಾಗಿ ಹಿಗ್ಗಿಸಿದರೆ ಮರ ಸೀಳುವುದಿಲ್ಲ.

ಪಿಯೆಜೋ ಬಿಲ್ಲೆಯನ್ನು ನೇರವಾಗಿ ಮಿಕ್ಸರಿನ ಲೈನ್ ಇನ್‌ಪುಟ್ಟಿಗೆ ಚುಚ್ಚಿ, ಸದ್ದು ತಗಡಿನಂತಿದೆ ಎಂದು ಬಿಲ್ಲೆಯನ್ನೇ ದೂರುವವರನ್ನು ಕಂಡಿದ್ದೇನೆ. ಬಿಲ್ಲೆಯೊಂದರ ಧಾರಕತೆ ಸುಮಾರು 20 ನ್ಯಾನೋಫ್ಯಾರಡ್. ಮೂರನ್ನು ಸಮಾಂತರವಾಗಿ ಜೋಡಿಸಿದರೆ 60. ಅದು 10 ಕಿಲೋ ಓಮಿನ ಇನ್‌ಪುಟ್ಟಿಗೆ ಸೇರಿದಾಗ ಸುಮಾರು 265 ಹರ್ಟ್ಸಿನ ಕೆಳಗಿರುವುದೆಲ್ಲ ಇಳಿಯತೊಡಗುತ್ತದೆ, ಅಂದರೆ ನಮ್ಮ ಕೆಳಗಿನ ಎರಡು ಬಿಡಿ ತಂತಿಗಳ 165 ಮತ್ತು 220 ಹರ್ಟ್ಸಿನ ಸ್ವರಗಳು ಬಡವಾಗುತ್ತವೆ. ಅದೇ ಬಿಲ್ಲೆಗಳಿಗೆ 1 ಮೆಗಾ ಓಮಿನ ಪ್ರೀಆಂಪ್ (ಮಿಕ್ಸರಿಗೆ ಮೊದಲು ಸಂಕೇತವನ್ನು ಹದಗೊಳಿಸುವ ಸಾಧನ) ಕೊಟ್ಟರೆ ಆ ಗಡಿ 3 ಹರ್ಟ್ಸಿಗಿಂತ ಕೆಳಗೆ ಹೋಗುತ್ತದೆ. ಆದ್ದರಿಂದ ಪ್ರೀಆಂಪ್ ಐಚ್ಛಿಕವಲ್ಲ.

ಇನ್ನು ಫೀಡ್‌ಬ್ಯಾಕ್, ಅಂದರೆ ಸ್ಪೀಕರಿನ ಸದ್ದು ಮತ್ತೆ ಗಿಟಾರಿಗೇ ಸೇರಿ ಊಳಿಡುವುದು. ಗಿಟಾರಿನ ಪೆಟ್ಟಿಗೆಯೊಳಗಿನ ಗಾಳಿ ಸುಮಾರು 100 ಹರ್ಟ್ಸಿನ ಆಸುಪಾಸಿನಲ್ಲಿ ತಾನೇ ಅನುರಣಿಸುತ್ತದೆ. ವೇದಿಕೆಯಲ್ಲಿ ಗಿಟಾರು ಊಳಿಡುವುದು ಹೆಚ್ಚಾಗಿ ಅಲ್ಲಿಂದಲೇ. ಸಾಮಾನ್ಯ ಗಿಟಾರಿನಲ್ಲಿ ಅದೇ ಜಾಗದಲ್ಲಿ ಬೇಕಾದ ಸ್ವರಗಳೂ ಇರುವುದರಿಂದ ಅದನ್ನು ಕತ್ತರಿಸಲು ಮನಸ್ಸು ಬಾರದು. ಮೇಲುಸ್ಥಾಯಿಯ ಗಿಟಾರಿನಲ್ಲಿ 165ಕ್ಕಿಂತ ಕೆಳಗೆ ಸ್ವರವೇ ಇಲ್ಲವಾದ್ದರಿಂದ 140 ಹರ್ಟ್ಸಿನಲ್ಲಿ, ಅದಕ್ಕಿಂತ ಕೆಳಗಿನದನ್ನು ತಗ್ಗಿಸುವ ಹೈಪಾಸ್ ಫಿಲ್ಟರ್ ಹಾಕಿ ನಿಶ್ಚಿಂತರಾದೆವು.

ಹಾಡುಗಳಿಗೆ ಒಗ್ಗಿಸಿದ್ದು

ಒಂಟಿಯಾಗಿ ಕೇಳಿದರೆ ಈ ಗಿಟಾರು ಬಡಕಲು ಎನಿಸುತ್ತದೆ. ದುರಸ್ತಿ ಮುಗಿದ ದಿನ ಅದನ್ನು ಕೇಳಿದ ಪರಿಚಿತರೊಬ್ಬರು ಏನೋ ಕಳೆದುಹೋಗಿದೆ ಎಂದರು, ಕಳೆಯುವುದೇ ಉದ್ದೇಶವಾಗಿತ್ತು. ಇನ್ನೊಂದು ಗಿಟಾರಿನ ಪಕ್ಕದಲ್ಲಿ, ಎರಡು ದನಿಗಳ ಕೆಳಗೆ ಕೇಳಿದಾಗ ಮಾತ್ರ ಅದರ ಬೆಲೆ ಗೊತ್ತಾಗುತ್ತದೆ. ಇಬ್ಬರೂ ಒಂದೇ ಆಕಾರವನ್ನು ಒಂದೇ ಲಯದಲ್ಲಿ ನುಡಿಸಿದರೆ ಒಟ್ಟು ನಾದ ಹನ್ನೆರಡು ತಂತಿಯ ಗಿಟಾರಿನಂತಾಗುತ್ತದೆ. ಪಲ್ಲವಿಯಲ್ಲಿ ಇಬ್ಬರೂ ಹಾಡುವಾಗ ಅದು ಚೆನ್ನಾಗಿ ಒಪ್ಪುತ್ತದೆ. ಚರಣದಲ್ಲಿ ನಾನೊಬ್ಬನೇ ಹಾಡುವಾಗ ಜೊತೆಗಾರ್ತಿ ತಂತಿಗಳನ್ನು ಒಂದೊಂದಾಗಿ ಮೀಟುತ್ತಾರೆ, ಮೊದಲ ಗಿಟಾರು ಕೆಳಗಿನ ಸ್ವರಗಳನ್ನಷ್ಟೇ ಹಿಡಿಯುತ್ತದೆ. ನಡುವೆ ದನಿಗೆ ಜಾಗ ಉಳಿಯುತ್ತದೆ.

ಹೊಸ ಹಾಡು ಕಟ್ಟುವುದಕ್ಕೂ ಇದು ದಾರಿಮಾಡಿತು. ಆರನೆಯ ತಂತಿಯಿಂದ ಒಂದನೆಯದರವರೆಗೆ ಸುಮ್ಮನೆ ಮೀಟುತ್ತ ಬಂದರೆ ಸ್ವರ ಏರುತ್ತ ಹೋಗಿ ಮೂರನೆಯ ತಂತಿಯಲ್ಲಿ 392 ಹರ್ಟ್ಸಿಗೆ ತಲುಪುತ್ತದೆ, ಅಲ್ಲಿಂದ ಎರಡನೆಯ ತಂತಿಯ 247ಕ್ಕೆ ಧುಮುಕಿ, ಮತ್ತೆ 330ಕ್ಕೆ ಏರುತ್ತದೆ. ಸಾಮಾನ್ಯ ಗಿಟಾರಿನಲ್ಲಿ ಬೆರಳಿಗೆ ಇಂಥ ತಿರುವು ಸುಲಭವಾಗಿ ಸಿಗುವುದಿಲ್ಲ. ಜೊತೆಗಾರ್ತಿ ಆ ಧುಮುಕನ್ನೇ ರಾಗದ ತುಣುಕಾಗಿ ಹಿಡಿದು ಗುನುಗಿದರು. ಒಂದು ಹಾಡಿನ ಪಲ್ಲವಿಯ ಮೊದಲ ಸಾಲು ಹುಟ್ಟಿದ್ದು ಹಾಗೆ. ಸಾಲಿನ ಪದಗಳನ್ನು ನಾನು ಆಮೇಲೆ ಹೊಂದಿಸಿದೆ, ಧುಮುಕುವ ಕಡೆ ದೀರ್ಘಾಕ್ಷರ ಬರುವಂತೆ. ಕ್ಯಾಪೋವನ್ನು ಮಾತ್ರ ಐದನೆಯ ಫ್ರೆಟ್ಟಿಗಿಂತ ಮೇಲೆ ಒಯ್ಯುವುದಿಲ್ಲವೆಂದು ಒಪ್ಪಂದ ಮಾಡಿಕೊಂಡೆವು, ಅಲ್ಲಿಂದಾಚೆ ನಾದ ತೀರ ಸಣಕಲಾಗುತ್ತದೆ.

ಒಂದು ತೊಂದರೆ ಇನ್ನೂ ಇದೆ. ಈ ಗಿಟಾರಿನ ಮೀಟುವ ಸದ್ದು ಹೆಚ್ಚಾಗಿ 2ರಿಂದ 5 ಕಿಲೋಹರ್ಟ್ಸಿನ ನಡುವೆ ಬೀಳುತ್ತದೆ, ವ್ಯಂಜನಗಳ ಸ್ಪಷ್ಟತೆ ಇರುವುದೂ ಅಲ್ಲಿಯೇ. ಮೀಟಲು ಗಡಸು ಪ್ಲೆಕ್ಟ್ರಮ್ (ಮೀಟುವ ಚಿಕ್ಕ ಬಿಲ್ಲೆ) ಹಿಡಿದರೆ ಹಾಡಿನ ಮಾತುಗಳು ಮಸುಕಾಗುತ್ತವೆ. ಆದ್ದರಿಂದ ಮಾತು ದಟ್ಟವಾಗಿರುವ ಚರಣಗಳಲ್ಲಿ ಜೊತೆಗಾರ್ತಿ ಬೆರಳ ತುದಿಯಿಂದಲೇ ನುಡಿಸುತ್ತಾರೆ. ಚಿಕ್ಕ ಕೋಣೆಗಳಲ್ಲಿ ಪಿಕಪ್ ಬಿಟ್ಟು, ಇಬ್ಬರ ನಡುವೆ ಒಂದೇ ಕಂಡೆನ್ಸರ್ ಮೈಕ್ ಇಟ್ಟು ಹಾಡುವುದು ನಮಗೆ ಇಷ್ಟ. ಮೈಕಿನಿಂದ ದೂರ ಎರಡರಷ್ಟಾದರೆ ನೇರ ಸದ್ದು 6 ಡೆಸಿಬೆಲ್ ಇಳಿಯುವುದರಿಂದ, ಹೆಜ್ಜೆ ಹಿಂದೆ ಮುಂದೆ ಸರಿಯುವುದೇ ಅಲ್ಲಿ ಮಿಕ್ಸಿಂಗ್. ಗಿಟಾರನ್ನು ಸೊಂಟದ ಮಟ್ಟದಿಂದ ಸ್ವಲ್ಪ ಮೇಲೆತ್ತಿ ಹಿಡಿದರೆ ಅದು ದನಿಯ ಜೊತೆ ಏಳುತ್ತದೆ, ಕೆಳಗಿಳಿಸಿದರೆ ಹಿಂದೆ ಸರಿಯುತ್ತದೆ.

ಸದ್ಯ ಉಳಿದಿರುವುದು ಮೂರನೆಯ ತಂತಿಯ ಪ್ರಶ್ನೆ. ಇಷ್ಟು ತೆಳುವಾದ ಉಕ್ಕನ್ನು 648 ಮಿ.ಮೀ. ಉದ್ದದಲ್ಲಿ 392 ಹರ್ಟ್ಸಿಗೆ ಎಳೆದರೆ ಅದು ತನ್ನ ತಾಳಿಕೆಯ ಅಂಚಿಗೆ ಹತ್ತಿರವಾಗುತ್ತದೆ. ಹನ್ನೆರಡು ತಂತಿಯ ಗಿಟಾರಿನಲ್ಲೂ ಮೊದಲು ತುಂಡಾಗುವುದು ಇದೇ ತಂತಿ. ಎಲ್ಲಿ ತುಂಡಾಗುತ್ತದೆ ಎಂಬುದನ್ನು ಗಮನಿಸಬೇಕು: ಬಿರಡೆಯ ಬಳಿಯಾದರೆ ಬಿರಡೆಯ ರಂಧ್ರದ ಅಂಚು ಚೂಪಾಗಿದೆ, ಸ್ಯಾಡಲಿನ ಬಳಿಯಾದರೆ ಅಲ್ಲಿನ ತುದಿಗೆರೆಯನ್ನು ದುಂಡಗೆ ಉಜ್ಜಬೇಕು. ನಮ್ಮದು ಸ್ಯಾಡಲಿನ ಬಳಿ ತುಂಡಾಗುತ್ತಿತ್ತು, 1000 ನಂಬರಿನ ಉಪ್ಪುಕಾಗದದಿಂದ ಆ ಅಂಚನ್ನು ನಯಗೊಳಿಸಿದ ಮೇಲೆ ಬಾಳಿಕೆ ಹೆಚ್ಚಿದೆ. ಆದರೂ ಪ್ರದರ್ಶನದ ಹಿಂದಿನ ದಿನ ಅದೊಂದು ತಂತಿಯನ್ನು ಬದಲಿಸಿ, ಎಳೆದೆಳೆದು ಪಳಗಿಸಿ, ಅದೇ ದಪ್ಪದ ಹೆಚ್ಚುವರಿ ತಂತಿಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡೇ ಹೊರಡುತ್ತೇವೆ. 8ರ ದಪ್ಪದ ತಂತಿ ಹಾಕಿ ನೋಡುವ ಸಲಹೆಯೂ ಬಂದಿದೆ. ಎಳೆತ ಅದರಿಂದ ಇಳಿಯುತ್ತದೆಯಾದರೂ ಅಡ್ಡಕೊಯ್ತದ ಮೇಲಿನ ಒತ್ತಡ ಬದಲಾಗುವುದಿಲ್ಲ, ಏಕೆಂದರೆ ಉದ್ದವೂ ಸ್ವರವೂ ಒಂದೇ ಆಗಿದ್ದರೆ ಅದು ದಪ್ಪವನ್ನು ಅವಲಂಬಿಸಿಲ್ಲ. ಅರ್ಧ ಸ್ವರ ಇಳಿಸಿ ಕಟ್ಟಿ, ಮೊದಲ ಫ್ರೆಟ್ಟಿಗೆ ಕ್ಯಾಪೋ ಹಾಕುವುದರಿಂದಲೂ ಏನೂ ದಕ್ಕುವುದಿಲ್ಲ, ಕ್ಯಾಪೋ ಹಾಕಿದಾಗ ತಂತಿಯ ಬಿಗಿ ಇಳಿಸಿದಷ್ಟೇ ಇದ್ದರೂ ಮೊದಲ ಫ್ರೆಟ್ಟನ್ನು ಅದಕ್ಕೇ ಕಳೆದುಕೊಳ್ಳುತ್ತೇವೆ ಎಂದು ಜೊತೆಗಾರ್ತಿ ವಾದಿಸುತ್ತಾರೆ. ನನಗೆ ಆ ನಷ್ಟ ದೊಡ್ಡದೆನಿಸುವುದಿಲ್ಲ. ಮುಂದಿನ ತಂತಿ ಬದಲಾವಣೆಯಲ್ಲಿ ಇಳಿಸಿಯೇ ಕಟ್ಟಿ, ಸ್ಯಾಡಲಿನ ತುದಿಗೆರೆಗಳನ್ನು ಮತ್ತೊಮ್ಮೆ ಅಳೆಯಲಿದ್ದೇನೆ.